ಐದು ಕೆಜಿಯ ಕೀಲಿಕೈ

ಗುಡುಗಕ್ಕನಿಗೆ ಪಿಸುಮಾತು ಬರುವುದಿಲ್ಲ. ಬರುತ್ತದೆಂದು ಅವಳು ತಿಳಿದುಕೊಂಡಿದ್ದಾಳೆ, ಅಷ್ಟೇ. ಪಕ್ಕದವಳ ಕಿವಿಗೆ ಬಾಯಿಟ್ಟು, ಕೈ ಅಡ್ಡ ಹಿಡಿದು, "ಯಾರಿಗೂ ಹೇಳ್ಬೇಡ ಕಣೇ" ಎಂದು ಅವಳು ಶುರುಮಾಡಿದರೆ, ಗೇಟಿನ ಹತ್ತಿರ ಕೂತ ಕಾವಲುಗಾರ "ಇಲ್ಲ ಅಕ್ಕಾ, ಹೇಳಲ್ಲ" ಎಂದು ಉತ್ತರ ಕೊಡುತ್ತಾನೆ.

ಹುಟ್ಟಿನಿಂದ ಬಂದ ಗಂಟಲಲ್ಲ ಅದು. ಒಣಗಿದ ಶತಾವರಿ ಬೇರನ್ನು ಪುಡಿ ಮಾಡುವ ಯಂತ್ರದ ಪಕ್ಕದಲ್ಲಿ ಅವಳನ್ನು ಹರೆಯದಿಂದಲೂ ನಿಲ್ಲಿಸಿದ್ದರು. ಯಂತ್ರ ಬಾಯಿ ತೆರೆದರೆ ಶೆಡ್ಡಿನ ತಗಡೆಲ್ಲ ನಡುಗುತ್ತಿತ್ತು. ಅದಕ್ಕಿಂತ ಜೋರಾಗಿ ಅರಚಿದರೆ ಮಾತ್ರ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಕಿವಿಗೆ ಇಟ್ಟುಕೊಳ್ಳಲು ಒಂದು ಚೂರು ಹತ್ತಿ ಕೊಡಿ ಎಂದು ಕೇಳಿದಳು. ಕೊಡಲಿಲ್ಲ. ಹತ್ತಿ ಡಬ್ಬಿಗೆ ಬೇಕು ಎಂದರು. ಪುಡಿ ಅಲುಗಾಡದ ಹಾಗೆ ಡಬ್ಬಿಯ ಬಾಯಿಗೆ ಹತ್ತಿ ತುರುಕುತ್ತಿದ್ದ ಕಾಲ ಅದು. ಹೀಗೆ ಡಬ್ಬಿ ಭದ್ರವಾಯಿತು, ಅವಳ ಕಿವಿ ಅರ್ಧ ಹೋಯಿತು. ಕಿವಿ ಹೋದ ಮೇಲೆ ಯಂತ್ರಕ್ಕೆ ಒಬ್ಬ ಗಂಡಸನ್ನು ಹಾಕಿದರು. ಅವನಿಗೆ ಹತ್ತಿ ಕೊಟ್ಟರು. ಇವಳನ್ನು ಸಿಪ್ಪೆ ಸುಲಿಯುವ ಹೆಂಗಸರ ಸಾಲಿಗೆ ತಳ್ಳಿದರು. ಗಂಟಲು ಮಾತ್ರ ಯಂತ್ರದ ಪಕ್ಕದಲ್ಲೇ ಉಳಿದುಬಿಟ್ಟಿತು.

ಸುಲಿಯುವುದು ಕೂತು ಮಾಡುವ ಕೆಲಸ, ಆರಾಮ ಎಂದು ನೋಡುವವರು ಹೇಳುತ್ತಾರೆ. ಹಾಗೆ ಹೇಳುವ ಬಾಯಿಗೆ ಒಂದು ಬಿಸಿ ಬೇರು ಇಡಬೇಕು. ಹಂಡೆಯಲ್ಲಿ ಬೆಂದ ಬೇರನ್ನು ತಗಡಿನ ಮೇಲೆ ಸುರಿಯುತ್ತಾರೆ. ಬೆರಳು ಗಾತ್ರದವು, ಲೋಳೆ ಲೋಳೆ, ಮೈಯೆಲ್ಲ ಹಬೆ. ಬಿಸಿ ಇರುವಾಗಲೇ ಸಿಪ್ಪೆ ಬಿಡಿಸಬೇಕು, ನಡುವಿನ ನಾರನ್ನು ಎಳೆದು ಬಿಸಾಡಬೇಕು. ಆರಿತೋ, ಸಿಪ್ಪೆ ಬೇರಿಗೆ ಅಂಟಿ ಕೂರುತ್ತದೆ. ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಎರಡನೇ ಸಲ ಬೇಯಿಸಿದರೆ ಕರಿ ಮುದ್ದೆ. ಹಾಗಾಗಿ ಹಂಡೆ ಇಳಿದರೆ ಹೆಂಗಸರು ಉಸಿರು ಬಿಡುವ ಹಾಗಿಲ್ಲ. ಬೆಂದು ಬೆಂದು ಅವರ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಬೆಳಿಗ್ಗೆ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಿದರೆ ಅದು ಕೆಂಪು ದೀಪ ಹಾಕಿ ಕೀಂ ಎನ್ನುತ್ತಿತ್ತು. ಯಾರು ನೀನು, ನಿನ್ನನ್ನು ನೋಡೇ ಇಲ್ಲ ಎನ್ನುವ ದೀಪ. "ನಿಮ್ಮಪ್ಪನ್ನ ಕೇಳು" ಎಂದು ಗುಡುಗಕ್ಕ ಅದಕ್ಕೆ ದಿನವೂ ಉತ್ತರ ಕೊಡುತ್ತಿದ್ದಳು.

ಇಷ್ಟೆಲ್ಲ ಆಗಿ ತಯಾರಾಗುವುದು ಏನು? ಹೆಂಗಸರ ಆರೋಗ್ಯ. ಡಬ್ಬಿಯ ಮೇಲೆ ಹಾಗೇ ಬರೆದಿದೆ. ಹೆಂಗಸರ ಆರೋಗ್ಯಕ್ಕೆ, ಚೈತನ್ಯಕ್ಕೆ, ಶುದ್ಧ ಶತಾವರಿ. ಬರಹದ ಕೆಳಗೆ ಒಬ್ಬಳು ಹೆಂಗಸು. ಹಸಿರು ಬಯಲಿನಲ್ಲಿ ಎರಡೂ ಕೈ ಅಗಲಿಸಿ, ಹಲ್ಲು ಬಿಟ್ಟು ಓಡುತ್ತಿದ್ದಾಳೆ. ಸಾಲಿನ ತುದಿಯಲ್ಲಿ ಕೂರುವ ಅಜ್ಜಿಗೆ ಅವಳನ್ನು ಕಂಡರೆ ತುಂಬ ಕುತೂಹಲ.

"ಇವಳು ಎಲ್ಲಿಗೆ ಓಡ್ತಿದಾಳೆ ಕಣೇ?"

"ಇನ್ನೆಲ್ಲಿಗೆ ಅಜ್ಜಿ? ಕೀಲಿ ಸಿಕ್ಕಿದೆ, ಓಡ್ತಿದಾಳೆ" ಎನ್ನುತ್ತಿದ್ದಳು ಗುಡುಗಕ್ಕ. ಲಾರಿಗೆ ಪೆಟ್ಟಿಗೆ ಹೇರುವ ಗಂಡಸರಿಗೂ ಅದು ಕೇಳಿಸುತ್ತಿತ್ತು.

ಕೀಲಿಯ ಕಥೆ ಹೇಳಲೇಬೇಕು. ಅಲ್ಲಿ ಎರಡು ಕಕ್ಕಸುಗಳಿದ್ದವು. ಶೆಡ್ಡಿನ ಪಕ್ಕದಲ್ಲೇ ಇದ್ದದ್ದು ಹೆಂಗಸರದ್ದು. ಬಿಳಿ ಟೈಲ್ಸು, ನಲ್ಲಿ, ಒಳಗಿನಿಂದ ಹಾಕಿಕೊಳ್ಳಲು ಗಟ್ಟಿ ಚಿಲಕ. ಕಟ್ಟಿಸಿದ ವರ್ಷವೇ ಮಾಲು ಇಡಲು ಜಾಗ ಸಾಲದೆ, ಒಂದು ವಾರದ ಮಟ್ಟಿಗೆ ಎಂದು ಅಲ್ಲಿ ಡಬ್ಬಿಗಳ ಪೆಟ್ಟಿಗೆ ಜೋಡಿಸಿದರು. ಆ ವಾರ ಇನ್ನೂ ಮುಗಿದಿಲ್ಲ. ಪೆಟ್ಟಿಗೆಗಳು ತೊಟ್ಟಿಯ ಮೇಲೆ, ಕಿಟಕಿಯ ಮೇಲೆ, ಸೂರಿನವರೆಗೂ ಏರಿವೆ. ಹೆಂಗಸರ ಕಕ್ಕಸಿನೊಳಗೆ ಹೆಂಗಸರ ಆರೋಗ್ಯ ತುಂಬಿಕೊಂಡು, ಹೆಂಗಸರಿಗೆ ಕಾಲಿಡಲು ಜಾಗವಿಲ್ಲ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕಟ್ಟಿ ಹೇಳುವವರಿಗೆ ಇಷ್ಟು ಹೊಳೆಯುವುದೂ ಇಲ್ಲ.

ಉಳಿದದ್ದು ಹಿತ್ತಲಿನ ಇನ್ನೊಂದು. ಅದರ ಬಾಗಿಲಿಗೆ ಹೊರಗೆ ಬೀಗ, ಒಳಗೆ ಚಿಲಕವಿಲ್ಲ. ಬೀಗದ ಕೀಲಿ ಮೇಲ್ವಿಚಾರಕನ ಹತ್ತಿರ. ಅವನ ಸೊಂಟದಲ್ಲಿ ಒಂದು ಹಿಡಿ ಕೀಲಿಗಳು ಜೋತಾಡುತ್ತಿದ್ದುದರಿಂದ ಹೆಂಗಸರು ಅವನನ್ನು ಕೀಲಿಗೊಂಚಲು ಎಂದೇ ಕರೆಯುತ್ತಿದ್ದರು. ಆದರೆ ಈ ಕೀಲಿ ಸೊಂಟದಲ್ಲಿರಲಿಲ್ಲ. ಯಾರೋ ಒಮ್ಮೆ ಅದನ್ನು ಕಳೆದರೆಂದು, ಐದು ಕೆಜಿಯ ಕಬ್ಬಿಣದ ತೂಕದ ಕಲ್ಲಿಗೆ ತಂತಿಯಿಂದ ಬಿಗಿದು ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಹೋಗಬೇಕಾದವಳು ಮೇಜಿನ ಮುಂದೆ ನಿಲ್ಲಬೇಕು. ಕೇಳಬೇಕು. ಅವನು "ಒಂದಕ್ಕಾ, ಎರಡಕ್ಕಾ?" ಎಂದು ಕೇಳುತ್ತಾನೆ. ಎಲ್ಲರಿಗೂ ಕೇಳಿಸುವ ಹಾಗೆ ಹೇಳಬೇಕು. ಆಮೇಲೆ ಕಲ್ಲನ್ನು ಎದೆಗವಚಿಕೊಂಡು, ಪ್ಯಾಕಿಂಗ್ ಹುಡುಗರ ಮುಂದೆ, ಲಾರಿಯವರ ಮುಂದೆ, ಅಂಗಳ ದಾಟಿ ಹೋಗಬೇಕು. ಯಾರು ಎಲ್ಲಿಗೆ ಹೊರಟಿದ್ದಾರೆಂದು ಇಡೀ ಲೋಕಕ್ಕೆ ಗೊತ್ತು.

"ಈ ಕಲ್ಲು ಯಾಕೆ ಸಾರ್?" ಎಂದು ಗುಡುಗಕ್ಕ ಕೇಳಿದ್ದಳು.

"ನಿಮ್ಮ ಮರ್ಯಾದೆಗೇ ಕಣಮ್ಮ. ಒಳಗೆ ಚಿಲಕ ಇಲ್ವಲ್ಲ, ಬಾಗಿಲಿಗೆ ಒತ್ತು ಕೊಡೋಕೆ."

"ಒಂದು ಚಿಲಕ ಹಾಕ್ಸಿದ್ರೆ?"

"ಚಿಲಕ ಹಾಕ್ಸಿದ್ರೆ ಒಳಗೇ ಕೂತ್ಬಿಡ್ತೀರ."

ಎದುರು ಮಾತಾಡಲು ಗುಡುಗಕ್ಕನಿಗೆ ಬಾಯಿಯೇನೋ ಇತ್ತು. ಆದರೆ ಮನೆ ನಡೆಯಬೇಕಿತ್ತು. ಮಗ ದೂರದೂರುಗಳಿಗೆ ಲಾರಿ ಓಡಿಸುವವನು, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆ. ಮನೆಯಲ್ಲಿ ಅವಳು ಮತ್ತು ಸೊಸೆ. ಆ ಸೊಸೆ ಈಗ ಬಸುರಿ, ಏಳು ತುಂಬುತ್ತಿತ್ತು. ಅವಳೂ ಅತ್ತೆಯ ಪಕ್ಕದಲ್ಲೇ ಕೂತು ಬೇರು ಸುಲಿಯುತ್ತಿದ್ದಳು.

ಬಸುರಿಗೆ ಗಳಿಗೆಗೊಮ್ಮೆ ಹೋಗಬೇಕು. ಅದರಲ್ಲೂ ಈ ಹುಡುಗಿಗೆ ಧ್ವನಿಯೇ ಇಲ್ಲ. ಅತ್ತೆಗೆ ಪಿಸುಮಾತು ಬರದಿದ್ದರೆ ಸೊಸೆಗೆ ಪಿಸುಮಾತು ಬಿಟ್ಟು ಬೇರೇನೂ ಬರುವುದಿಲ್ಲ. ಮನೆಯಲ್ಲಿ ಅವಳು ಒಲೆಯ ಮುಂದೆ ಏನಾದರೂ ಹೇಳಿದರೆ ಒಲೆಗೂ ಕೇಳಿಸುತ್ತಿರಲಿಲ್ಲ. ಮೇಜಿನ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ಕೀಲಿಗೊಂಚಲು ತಲೆ ಎತ್ತುತ್ತಿರಲಿಲ್ಲ. ಆಗ ಗುಡುಗಕ್ಕ ಕೂತಲ್ಲಿಂದಲೇ ಶುರುಮಾಡುತ್ತಿದ್ದಳು.

"ಸಾರ್! ನನ್ನ ಸೊಸೆಗೆ ಒಂದಕ್ಕೆ! ಅರ್ಜೆಂಟು! ಬಸುರಿ!"

ಅಂಗಳದಲ್ಲಿ ಪೆಟ್ಟಿಗೆ ಹೊತ್ತವರು ನಿಂತುಬಿಡುತ್ತಿದ್ದರು. ಕಾವಲುಗಾರ ಎದ್ದು ದಾರಿ ಬಿಡುತ್ತಿದ್ದ. ಅವನು ದಾರಿಯಲ್ಲೇ ಇರುತ್ತಿರಲಿಲ್ಲ, ಆದರೂ ಬಿಡುತ್ತಿದ್ದ. ಸೊಸೆ ಕಲ್ಲನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಕಿವಿಯವರೆಗೂ ಕೆಂಪಾಗಿ, ನೆಲ ನೋಡುತ್ತ ಹೋಗುತ್ತಿದ್ದಳು.

ಒಂದು ಸಂಜೆ ಮನೆಯಲ್ಲಿ ಅವಳು ಅತ್ತೆಯ ಕೈ ಹಿಡಿದುಕೊಂಡಳು.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಪರವಾಗಿ ಕೂಗ್ಬೇಡಿ. ಎಲ್ಲಾ ನಗ್ತಾರೆ."

"ನಗ್ಲಿ ಬಿಡೇ. ಅವರೇನು ಹೋಗಲ್ವಾ?"

"ನನಗೆ ಸಾಯೋ ಹಾಗಾಗುತ್ತೆ ಅತ್ತೆ. ನಾನೇ ಕೇಳ್ಕೋತೀನಿ."

"ಏನು?"

"ನಾನೇ ಕೇಳ್ಕೋತೀನಿ ಅಂದೆ."

"ಸರಿ ಮಾರಾಯ್ತಿ, ನೀನೇ ಕೇಳ್ಕೋ!"

ಗೋಡೆಯಾಚೆಯಿಂದ ಪಕ್ಕದ ಮನೆಯವಳು "ನಾನ್ಯಾಕೆ ಕೇಳ್ಲಿ ಅಕ್ಕಾ?" ಎಂದಳು. ಸೊಸೆ ನಕ್ಕಳು. ಗುಡುಗಕ್ಕ ಸೊಸೆಯ ತಲೆ ಮುಟ್ಟಿ ಮಾತು ಕೊಟ್ಟಳು. ಇನ್ನು ಕೂಗುವುದಿಲ್ಲ. ಏನೇ ಆಗಲಿ, ಶೆಡ್ಡಿನಲ್ಲಿ ತುಟಿ ಬಿಚ್ಚುವುದಿಲ್ಲ.

ಮಾತು ಕೊಡಬಾರದ ಹೊತ್ತಿನಲ್ಲಿ ಕೊಟ್ಟಿದ್ದಳು. ಅದೇ ವಾರ ಯಜಮಾನರಿಗೆ ಒಂದು ಯೋಚನೆ ಬಂತು. ಯಜಮಾನರಿಗೆ ಯೋಚನೆ ಬಂದರೆ ಮಿಕ್ಕವರಿಗೆ ಕೆಲಸ ಬರುತ್ತದೆ. ದಿನಕ್ಕೊಮ್ಮೆ ಕಾರಿನಲ್ಲಿ ಬಂದು, ಒಂದು ಗಳಿಗೆ ಇದ್ದು, ಪುಡಿಯನ್ನು ಮೂಸಿ ಹೋಗುವ ದುಂಡು ಮನುಷ್ಯ. ಅವರು ಕಕ್ಕಸಿನ ಕಡೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. "ಯಜಮಾನ್ರಿಗೆ ಅದೆಲ್ಲ ಬರಲ್ಲ ಕಣೇ, ಅವರ ಮೈ ಬೇರೆ" ಎಂದು ಅಜ್ಜಿ ನಂಬಿದ್ದಳು. ಆ ದಿನ ಅವರು ಹೆಂಗಸರ ಮುಂದೆ ನಿಂತು ಎದೆ ಉಬ್ಬಿಸಿದರು.

"ನೀವು ಯಾಕೆ ಇಷ್ಟು ನಿಧಾನ? ಶಕ್ತಿ ಇಲ್ಲ. ಶಕ್ತಿ ಯಾಕಿಲ್ಲ? ನಮ್ಮ ಪುಡಿ ನೀವೇ ಕುಡಿಯಲ್ಲ. ನಾಳೆಯಿಂದ ಕೆಲಸಕ್ಕೆ ಕೂರೋ ಮುಂಚೆ ಎಲ್ಲರೂ ಕುಡೀಬೇಕು. ಕಂಪನಿ ಲೆಕ್ಕದಲ್ಲಿ! ಚಪ್ಪಾಳೆ ಎಲ್ಲಿ?"

ಕೀಲಿಗೊಂಚಲು ಚಪ್ಪಾಳೆ ತಟ್ಟಿದ. ಹೆಂಗಸರ ಕೈಯಲ್ಲಿ ಲೋಳೆ ಇತ್ತು.

ಮರುದಿನದಿಂದ ಹೂಜಿಯಂಥ ಲೋಟಗಳು ಬಂದವು. ಅಡಿಯಲ್ಲಿ ಒಂದು ಚಮಚ ಪುಡಿ, ಮೇಲೆ ಕಂಠಮಟ್ಟ ನೀರು. ಕುಡಿದು ಖಾಲಿ ಲೋಟ ತೋರಿಸಿದವಳಿಗೆ ಮಾತ್ರ ಕೂರಲು ಗೋಣಿಚೀಲ. ಬಸುರಿಗೆ ಎರಡು ಲೋಟ ಎಂದು ಕೀಲಿಗೊಂಚಲು ತಾನೇ ತೀರ್ಮಾನಿಸಿದ. ಪುಡಿಯ ಮಹಿಮೆಯೋ ನೀರಿನ ಮಹಿಮೆಯೋ, ಮೊದಲ ಹಂಡೆ ಇಳಿಯುವಷ್ಟರಲ್ಲಿ ಇಡೀ ಸಾಲು ತೊಡೆ ಬಿಗಿದು ಕೂತಿತ್ತು. ಒಬ್ಬಳಾದ ಮೇಲೆ ಒಬ್ಬಳು ಎದ್ದಳು. ಕಲ್ಲು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡಿತು. ಅಜ್ಜಿ ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡು ಹೋದಳು. ಹಿಂದಿನವಳು ಅವಳ ಬೆನ್ನ ಹಿಂದೆ ಕುಣಿಯುತ್ತಿದ್ದಳು. ತಗಡಿನ ಮೇಲೆ ಬೇರು ಆರಿತು.

ಆ ಮಧ್ಯಾಹ್ನವೇ ಹೊಸ ಅಪ್ಪಣೆ ಬಂತು. ಕುಡಿಯುವುದು ನಿಲ್ಲುವುದಿಲ್ಲ. ಹೋಗುವುದು ನಿಲ್ಲಬೇಕು. ಊಟದ ಗಂಟೆಗೆ ಮುಂಚೆ ಕೀಲಿ ಇಲ್ಲ.

ಇನ್ನು ನಡೆದದ್ದನ್ನು ನಗುತ್ತ ಹೇಳಲು ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಸೊಸೆ ಎರಡು ಲೋಟ ಕುಡಿದಳು. ಎರಡನೇ ಹಂಡೆ ಇಳಿದಾಗ ಎದ್ದು ಮೇಜಿನ ಮುಂದೆ ನಿಂತಳು. ತುಟಿ ಅಲ್ಲಾಡಿಸಿದಳು. ಕೀಲಿಗೊಂಚಲು ನೋಡಲಿಲ್ಲ. ಮತ್ತೆ ಕೇಳಿದಳು. ಅವನು ಗಡಿಯಾರ ತೋರಿಸಿದ. ಅವಳು ವಾಪಸು ಬಂದು ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು. ಬೆನ್ನಿಗೆ ಕೈ ಕೊಟ್ಟುಕೊಂಡು ನಿಂತಳು. "ಏನಮ್ಮ ನಿಂದು, ಒಂದೇ ರಾಗ" ಎಂದ ಅವನು. ಪ್ಯಾಕಿಂಗ್ ಹುಡುಗರು ನಕ್ಕರು. ಗುಡುಗಕ್ಕನ ಗಂಟಲಲ್ಲಿ ಕೂಗು ಬಂದು ಕೂತಿತ್ತು. ಮಾತು ಕೊಟ್ಟಿದ್ದಳು. ಹಲ್ಲು ಕಚ್ಚಿಕೊಂಡಳು.

ಸೊಸೆ ಬಂದು ಪಕ್ಕದಲ್ಲಿ ಕೂತಳು. ಬಿಸಿ ಬೇರು ಎತ್ತಿಕೊಂಡಳು. ಸುಲಿಯಲಿಲ್ಲ. ಬೇರು ಕೈಯಲ್ಲೇ ಇತ್ತು. ಅವಳ ಮುಖ ಬಿಳಿಚಿತು. ಅವಳ ಗೋಣಿಚೀಲದ ಬಣ್ಣ ಕಪ್ಪಾಯಿತು. ಕಪ್ಪು ಹರಡಿಕೊಂಡು ಸಿಮೆಂಟಿನ ನೆಲಕ್ಕೆ ಬಂತು. ಅವಳು ಅಳಲೂ ಇಲ್ಲ. ಕಣ್ಣು ಮುಚ್ಚಿಕೊಂಡು ಕೂತಳು, ಕಣ್ಣು ಮುಚ್ಚಿದರೆ ತಾನು ಅಲ್ಲಿಲ್ಲ ಎನ್ನುವ ಹಾಗೆ.

ಗುಡುಗಕ್ಕ ನೋಡಿದಳು. ಎದ್ದಳು. ಬೇರು ತೊಳೆಯುವ ನೀರಿನ ದೊಡ್ಡ ತೊಟ್ಟಿಗೆ ಕಾಲೆತ್ತಿ ಒದ್ದಳು. ತೊಟ್ಟಿ ಮಗುಚಿತು. ಮಣ್ಣು ನೀರು, ಸಿಪ್ಪೆ, ನಾರು, ಲೋಳೆ ಎಲ್ಲ ಸಾಲಿನುದ್ದಕ್ಕೂ ನುಗ್ಗಿತು. ಎಲ್ಲರ ಬಟ್ಟೆಯೂ ಒದ್ದೆ. ಎಲ್ಲರ ಗೋಣಿಚೀಲವೂ ಕಪ್ಪು. ಅಜ್ಜಿಯ ಊಟದ ಡಬ್ಬಿ ತೇಲಿಕೊಂಡು ಬಾಗಿಲವರೆಗೆ ಹೋಯಿತು.

"ಏಯ್! ಕಣ್ಣು ಕಾಣಲ್ವಾ ನಿನಗೆ?" ಕೀಲಿಗೊಂಚಲು ಜಣಜಣ ಎನ್ನುತ್ತ ಓಡಿ ಬಂದ.

"ಕಾಲು ಜಾರ್ತು ಸಾರ್."

"ಜಾರಿದ ಕಾಲು ಅಷ್ಟು ಮೇಲಕ್ಕೆ ಹೋಗುತ್ತಾ?"

"ನಿಮ್ಮ ಪುಡಿ ಕುಡಿದು ಶಕ್ತಿ ಬಂದಿದೆ ಸಾರ್."

ಹೆಂಗಸರಿಗೆಲ್ಲ ಅರ್ಥವಾಗಿತ್ತು. ಯಾರೂ ಸೊಸೆಯ ಕಡೆ ನೋಡಲಿಲ್ಲ. ಅಜ್ಜಿ ಮಾತ್ರ ತನ್ನ ಒದ್ದೆ ಬಟ್ಟೆ ಹಿಂಡುತ್ತ, "ಅಯ್ಯೋ, ನಾನು ಪೂರ್ತಿ ನೆನೆದುಬಿಟ್ಟೆ ಕಣ್ರೇ, ಎಲ್ಲರಿಗಿಂತ ನಾನೇ ಜಾಸ್ತಿ" ಎಂದು ಜೋರಾಗಿ ಹೇಳಿದಳು. ನೆಲವನ್ನೆಲ್ಲ ಗುಡುಗಕ್ಕನೇ ಒರೆಸಬೇಕಾಯಿತು. ಮಂಡಿಯೂರಿ ಒರೆಸಿದಳು. ಸಿಟ್ಟಿಗೆ ಬಟ್ಟೆಯನ್ನು ಹಿಂಡಿ ಹಿಂಡಿ ಒರೆಸಿದಳು.

ಸಂಜೆ ದಾರಿಯಲ್ಲಿ ಸೊಸೆ ಹೇಳಿದಳು, "ನಾನು ನಾಳೆಯಿಂದ ಬರಲ್ಲ ಅತ್ತೆ. ಅಲ್ಲಿಗೂ ಬರಲ್ಲ, ಎಲ್ಲಿಗೂ ಬರಲ್ಲ. ಮನೆಯಿಂದಾಚೆ ಕಾಲಿಡಲ್ಲ."

ಗುಡುಗಕ್ಕ ನಿಂತಳು. ಈ ಹುಡುಗಿ ನಾಚಿಕೆಯನ್ನು ತನ್ನದು ಎಂದುಕೊಂಡು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದಾಳೆ ಎಂದು ಅವಳಿಗೆ ಕಂಡಿತು. ಹೊತ್ತರೆ ಜೀವಮಾನವಿಡೀ ಹೊರುತ್ತಾಳೆ. ಅದು ಐದು ಕೆಜಿಯ ಕಲ್ಲಿಗಿಂತ ಭಾರ.

"ನಾಳೆ ಒಂದು ದಿನ ಬಾ" ಎಂದಳು. "ಆಮೇಲೆ ನಿನ್ನಿಷ್ಟ. ನಾಳೆ ನೀನು ಕೂಗ್ಬೇಡ, ನಾನೂ ಕೂಗಲ್ಲ. ಕೂಗಬೇಕಾದವರು ಬೇರೆ ಇದ್ದಾರೆ."

ಮರುದಿನ ಶೆಡ್ಡಿಗೆ ಖರೀದಿಯ ಮೇಡಂ ಬರುವವರಿದ್ದರು. ಊರೂರಲ್ಲಿ ಅಂಗಡಿ ಇಟ್ಟಿರುವ ದೊಡ್ಡ ಗಿರಾಕಿ. ನೆಲ ತೊಳೆದಿದ್ದರು, ಹೆಂಗಸರ ತಲೆಗೆ ಹೊಸ ಬಿಳಿ ಟೋಪಿ ಕೊಟ್ಟಿದ್ದರು. ಟೋಪಿ ಹಾಕಿಕೊಂಡ ಅಜ್ಜಿ ಮೊಟ್ಟೆಯ ಹಾಗೆ ಕಾಣುತ್ತಿದ್ದಳು.

ಎಲ್ಲರೂ ಲೋಟ ಖಾಲಿ ಮಾಡಿದ ಕೂಡಲೇ, ಕೆಲಸದ ಗಂಟೆ ಹೊಡೆಯುವ ಮೊದಲೇ, ಗುಡುಗಕ್ಕ ಮೇಜಿನ ಹತ್ತಿರ ಹೋದಳು. ಕೇಳಲಿಲ್ಲ. ಕಲ್ಲನ್ನು ಎತ್ತಿಕೊಂಡಳು. ಕೀಲಿಗೊಂಚಲು ಹೊಸ ಮೇಜುಬಟ್ಟೆಯ ಸುಕ್ಕು ಬಿಡಿಸುತ್ತಿದ್ದವನು ತಿರುಗುವಷ್ಟರಲ್ಲಿ ಅವಳು ತನ್ನ ಜಾಗಕ್ಕೆ ಬಂದು, ಗೋಣಿಚೀಲದ ಮೇಲೆ ಕಲ್ಲಿಟ್ಟು, ಅದರ ಮೇಲೆ ಕೂತಾಗಿತ್ತು.

"ಏಯ್, ಅದು ಕೂರೋಕಲ್ಲ!"

"ಗೊತ್ತು ಸಾರ್. ಮರ್ಯಾದೆಗೆ."

ಹಂಡೆ ಇಳಿಯಿತು. ಬೇರನ್ನು ತಗಡಿನ ಮೇಲೆ ಸುರಿದರು. ಹಬೆ ಎದ್ದಿತು. ಗುಡುಗಕ್ಕ ಕೈ ಕಟ್ಟಿಕೊಂಡಳು.

"ಸುಲೀಮ್ಮ!"

"ಇಲ್ಲ."

"ಏನು?"

"ಸುಲಿಯಲ್ಲ. ಮೊದಲು ನಮ್ಮ ಕಕ್ಕಸಿಂದ ಡಬ್ಬಿಗಳನ್ನ ಆಚೆ ಹಾಕಿ. ಚಿಲಕ ಇರೋ ಕಕ್ಕಸು, ನಮ್ಮದು. ಆಮೇಲೆ ಸುಲೀತೀವಿ."

ಅವಳು ಮೆತ್ತಗೆ ಹೇಳಿದ್ದಳು. ಪುಡಿಯ ಯಂತ್ರದವನು ಯಂತ್ರ ನಿಲ್ಲಿಸಿ ಬಂದು ಇಣುಕಿದ. ಕೀಲಿಗೊಂಚಲು ಅಜ್ಜಿಯ ಕಡೆ ತಿರುಗಿದ. "ಏ ಮುದುಕಿ, ನೀನು ಸುಲಿ." ಅಜ್ಜಿ ಬೇರೊಂದನ್ನು ಎತ್ತಿಕೊಂಡಳು, ಮೂಸಿದಳು, ಕೆಳಗಿಟ್ಟಳು. "ನನಗೆ ಕಣ್ಣು ಕಾಣಲ್ಲ ಸಾರ್" ಎಂದಳು. ಪಕ್ಕದವಳಿಗೆ ಕೈ ನೋವು ಬಂತು. ಅವಳ ಪಕ್ಕದವಳಿಗೆ ಬೇರು ಯಾವುದು, ಸಿಪ್ಪೆ ಯಾವುದು ಎಂದೇ ಮರೆತುಹೋಯಿತು. ಸಾಲಿನಲ್ಲಿ ಒಬ್ಬೊಬ್ಬಳೇ ಕೈ ಕಟ್ಟಿದಳು. ಕೊನೆಗೆ ಸೊಸೆ. ಅವಳೂ ಕಟ್ಟಿದಳು.

ಕಾರು ಬಂತು. ಯಜಮಾನರು ಮೇಡಂ ಜೊತೆ ಒಳಗೆ ಬಂದರು. ಮೇಡಂ ಕನ್ನಡಕ ಏರಿಸಿ ನೋಡಿದರು.

"ಯಾಕೆ ಎಲ್ರೂ ಸುಮ್ನೆ ಕೂತಿದಾರೆ?"

ಯಜಮಾನರು ಕೀಲಿಗೊಂಚಲನ್ನು ನೋಡಿದರು. ಕೀಲಿಗೊಂಚಲು ಸೂರನ್ನು ನೋಡಿದ.

"ಇದು ವಿಶ್ರಾಂತಿ ಹೊತ್ತು ಮೇಡಂ."

"ಬೆಳಿಗ್ಗೆ ಬೆಳಿಗ್ಗೆನೇ?"

"ಹೆಂಗಸರಿಗಲ್ಲ ಮೇಡಂ, ಬೇರಿಗೆ. ಬೆಂದ ಮೇಲೆ ಬೇರು ಸುಸ್ತಾಗಿರುತ್ತೆ."

"ಬೇರಿಗೆ ಸುಸ್ತಿಲ್ಲ ಮೇಡಂ" ಎಂದಳು ಗುಡುಗಕ್ಕ. ಮೇಡಂ ಬೆಚ್ಚಿಬಿದ್ದು ಒಂದು ಹೆಜ್ಜೆ ಹಿಂದೆ ಸರಿದರು. "ಬೆಳಿಗ್ಗೆ ಇಷ್ಟು ದೊಡ್ಡ ಲೋಟದಲ್ಲಿ ಪುಡಿ ಕುಡಿಸ್ತಾರೆ. ಕುಡಿದ್ರೆ ಒಂದಕ್ಕೆ ಬರುತ್ತೆ. ಹೋಗೋಕೆ ಬಿಡಲ್ಲ. ನಮ್ಮ ಕಕ್ಕಸಿನ ತುಂಬ ನೀವು ತಗೊಳ್ಳೋ ಡಬ್ಬಿನೇ ತುಂಬಿದಾರೆ."

"ಸುಳ್ಳು ಮೇಡಂ!" ಯಜಮಾನರು ಹಾರಿದರು. "ನಮ್ಮ ಪುಡಿ ಕುಡಿದ್ರೆ ಏನೂ ಆಗಲ್ಲ!"

"ಏನೂ ಆಗಲ್ವಾ?" ಮೇಡಂ ಹುಬ್ಬೇರಿಸಿದರು. "ಹಾಗಿದ್ರೆ ನಾನು ಯಾಕೆ ತಗೋಬೇಕು?"

"ಅಲ್ಲ, ಆಗುತ್ತೆ! ಬೇಕಾದ್ದು ಆಗುತ್ತೆ. ಬೇಡದ್ದು ಆಗಲ್ಲ. ನೋಡಿ, ನಾನೇ ಕುಡೀತೀನಿ!"

ಅವರು ಒಂದು ಲೋಟ ಗಟಗಟ ಕುಡಿದರು. ಹೆಂಗಸರು ನೋಡುತ್ತಿದ್ದರು. ಮೀಸೆ ಒರೆಸಿಕೊಂಡು ಇನ್ನೊಂದು ಕುಡಿದರು. ಮೇಡಂ ಇನ್ನೂ ಕನ್ನಡಕದ ಮೇಲಿಂದಲೇ ನೋಡುತ್ತಿದ್ದುದರಿಂದ ಮತ್ತೊಂದು ಕುಡಿದರು. ಮೇಡಂ ತಾವೂ ರುಚಿ ನೋಡೋಣವೆಂದು ಒಂದು ಲೋಟ ತೆಗೆದುಕೊಂಡರು. ಹೆಂಗಸರ ಕಷ್ಟ ಕೇಳಲು ಬಂದವರಲ್ಲ ಅವರು. "ನಿಮ್ಮ ಜಗಳ ನೀವೇ ನೋಡ್ಕೊಳ್ಳಿ" ಎಂದು ಕುರ್ಚಿ ಎಳೆದುಕೊಂಡು ಕೂತರು. "ನನಗೆ ಒಂದು ಹಂಡೆ ಬೇರು ಸುಲಿಯೋದನ್ನ ಕಣ್ಣಾರೆ ನೋಡ್ಬೇಕು. ನೋಡದೆ ಆರ್ಡರ್ ಇಲ್ಲ."

ಹೆಂಗಸರು ಕೂತಿದ್ದರು. ಮೇಡಂ ಕೂತಿದ್ದರು. ಯಜಮಾನರೂ ಕೂತರು. ಬೇರಿನ ಹಬೆ ತೆಳ್ಳಗಾಗುತ್ತ ಬಂತು.

ಮೊದಲು ಯಜಮಾನರು ಬಲಗಾಲನ್ನು ಎಡಗಾಲಿನ ಮೇಲೆ ಹಾಕಿದರು. ಆಮೇಲೆ ಎಡಗಾಲನ್ನು ಬಲಗಾಲಿನ ಮೇಲೆ ಹಾಕಿದರು. ಪುಡಿಯ ಗುಣಗಳನ್ನು ಹೇಳಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಎದ್ದು ಕಾರಿನವರೆಗೆ ಹೋಗುವಂತಿಲ್ಲ, ಹೋದರೆ ಈ ಹೆಂಗಸು ಮೇಡಂಗೆ ಇನ್ನೇನು ಹೇಳುತ್ತಾಳೋ. ಹಣೆಯ ಮೇಲೆ ಬೆವರು ಮೂಡಿತು. ಅಜ್ಜಿ ಗುಡುಗಕ್ಕನನ್ನು ತಿವಿದಳು. "ಲೇ, ಬರುತ್ತೆ ಕಣೇ ಅವರಿಗೂ!" ಅವಳ ನಂಬಿಕೆಯೊಂದು ಅಲ್ಲೇ ಬಿದ್ದುಹೋಯಿತು. ಮುಖದಲ್ಲಿ ಮಾತ್ರ ಖುಷಿಯೋ ಖುಷಿ.

ಕೀಲಿಗೊಂಚಲು ಬಗ್ಗಿ ಬಂದ. ಗುಡುಗಕ್ಕನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಏನೋ ಪಿಸುಗುಟ್ಟಿದ.

"ಏನಂದ್ರಿ ಸಾರ್? ಜೋರಾಗಿ ಹೇಳಿ. ನನ್ನ ಕಿವಿ ನಿಮ್ಮ ಯಂತ್ರ ತಿಂದುಹಾಕಿದೆ."

ಅವನು ಮತ್ತೆ ಪಿಸುಗುಟ್ಟಿದ.

"ಊಟದ ಗಂಟೆಗೆ ಮುಂಚೆ ಇಲ್ಲ ಸಾರ್. ನಿಮ್ಮದೇ ಅಪ್ಪಣೆ."

ಯಜಮಾನರೇ ಎದ್ದು ಬಂದರು. ನಡಿಗೆ ಸಣ್ಣಸಣ್ಣದಾಗಿತ್ತು. ಗುಡುಗಕ್ಕನ ಮುಂದೆ ನಿಂತು ತುಟಿ ಅಲ್ಲಾಡಿಸಿದರು. ಧ್ವನಿ ಬರಲಿಲ್ಲ. ನಿನ್ನೆ ಮೇಜಿನ ಮುಂದೆ ಇನ್ನೊಬ್ಬಳು ನಿಂತಿದ್ದಳಲ್ಲ, ಹಾಗೇ ನಿಂತಿದ್ದರು. ಗುಡುಗಕ್ಕ ಬಾಯಿ ತೆರೆಯುವುದರಲ್ಲಿದ್ದಳು.

ಪಕ್ಕದಲ್ಲಿ ಸೊಸೆ ನೆಲಕ್ಕೆ ಕೈಯೂರಿ ಎದ್ದಳು. ಬೆನ್ನಿಗೆ ಒಂದು ಕೈ ಕೊಟ್ಟು, ಹೊಟ್ಟೆ ಮುಂದೆ ಮಾಡಿ, ಯಜಮಾನರ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಒಂದಕ್ಕಾ, ಎರಡಕ್ಕಾ?"

ಆ ಧ್ವನಿ ಯಾರದೆಂದು ಹೆಂಗಸರು ಅತ್ತಿತ್ತ ನೋಡಿದರು. ಗೇಟಿನಿಂದ ಕಾವಲುಗಾರ ಓಡಿಬಂದ. ಗುಡುಗಕ್ಕನ ಅರ್ಧ ಕಿವಿಗೂ ಅದು ಪೂರ್ತಿ ಕೇಳಿಸಿತು. ಅವಳ ಕಣ್ಣು ತುಂಬಿಕೊಂಡಿತು.

"ಒಂದಕ್ಕೆ" ಎಂದರು ಯಜಮಾನರು, ಗಂಟಲಲ್ಲೇ.

"ಎಲ್ಲರಿಗೂ ಕೇಳಿಸಬೇಕು."

"ಒಂದಕ್ಕೆ!"

"ಡಬ್ಬಿಗಳು?"

"ತೆಗೀರಿ! ಎಲ್ಲಾ ತೆಗೀರಿ! ಆಚೆ ಹಾಕಿ! ಕೀಲಿ ಕೊಡಮ್ಮ ತಾಯಿ, ಕೀಲಿ!"

ಗುಡುಗಕ್ಕ ಎದ್ದು, ಕಲ್ಲನ್ನು ಎರಡು ಕೈಯಲ್ಲಿ ಎತ್ತಿ ಯಜಮಾನರ ಎದೆಗೆ ಕೊಟ್ಟಳು. ಅವರು ಅದನ್ನು ಅವಚಿಕೊಂಡು ಹೊರಟರು. ಪ್ಯಾಕಿಂಗ್ ಹುಡುಗರ ಮುಂದೆ, ಲಾರಿಯವರ ಮುಂದೆ, ಅಂಗಳ ದಾಟಿ. ಓಡುವ ಹಾಗಿಲ್ಲ, ಕಲ್ಲು ಭಾರ. ನಿಲ್ಲುವ ಹಾಗಿಲ್ಲ, ಇನ್ನೊಂದು ಭಾರ. ಯಾರೂ ನಗಲಿಲ್ಲ. ನಗುವುದಕ್ಕಿಂತ ಅದು ಕೆಟ್ಟದಾಗಿತ್ತು. ಹಿತ್ತಲಿನ ಬಾಗಿಲಿಗೆ ಒಳಗಿನಿಂದ ಕಲ್ಲು ಕುಟ್ಟಿದ ಸದ್ದು ಮಾತ್ರ ಬಂತು.

ಆಮೇಲೆ ಹೆಂಗಸರು ಕೈ ಬಿಚ್ಚಿದರು. ಬೇರಿಗಲ್ಲ. ತಮ್ಮ ಕಕ್ಕಸಿನ ಬಾಗಿಲಿಗೆ ಹೋಗಿ ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಅಂಗಳದ ತುಂಬ ಓಡುವ ಹೆಂಗಸು, ಹಲ್ಲು ಬಿಟ್ಟುಕೊಂಡು, ಸಾಲು ಸಾಲಾಗಿ ಬಿದ್ದಳು. ಬಿಳಿ ಟೈಲ್ಸು ಕಂಡಿತು. ನಲ್ಲಿ ತಿರುಗಿಸಿದರೆ ಕೆಮ್ಮಿ ಕೆಮ್ಮಿ ನೀರು ಬಂತು. ಪೆಟ್ಟಿಗೆ ಇಳಿಸುತ್ತಿದ್ದ ಅಜ್ಜಿ, "ಬೇರು ಆರಿತಲ್ಲೇ" ಎಂದಳು. "ಆರಲಿ. ಇನ್ನೊಂದು ಹಂಡೆ ಬೇಯಿಸ್ಲಿ. ನಾವೂ ಬೆಂದಿಲ್ವಾ?" ಎಂದಳು ಗುಡುಗಕ್ಕ.

ಸೊಸೆ ಮೊದಲು ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದಿತು, ಟಕ್ ಎಂದು. ಹೊರಗೆ ಹೆಂಗಸರು ಸಾಲಾಗಿ ನಿಂತರು. ಕುರ್ಚಿಯಲ್ಲಿದ್ದ ಮೇಡಂ ಬಿರಬಿರನೆ ಬಂದು ಎಲ್ಲರಿಗಿಂತ ಮುಂದೆ ನಿಲ್ಲಲು ನೋಡಿದರು.

"ಹಿಂದೆ ಮೇಡಂ, ಅಜ್ಜಿ ಆದಮೇಲೆ ನೀವು" ಎಂದಳು ಗುಡುಗಕ್ಕ. ಮೇಡಂ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಅಜ್ಜಿಯ ಬಿಳಿ ಟೋಪಿಯ ಹಿಂದೆ ನಿಂತರು.

ಹೊತ್ತು ಹೋಯಿತು. ಒಳಗಿನಿಂದ ನೀರಿನ ಸದ್ದು ಬರುತ್ತಿತ್ತು. ಸೊಸೆಗೆ ಅವಸರವಿರಲಿಲ್ಲ. ಕೀಲಿಗೊಂಚಲು ಜಣಜಣ ಎನ್ನುತ್ತ ಬಂದ. ಅವನ ಸೊಂಟದ ಯಾವ ಕೀಲಿಯೂ ಆ ಬಾಗಿಲಿಗೆ ಹೊಂದುತ್ತಿರಲಿಲ್ಲ. "ನಾಳೆ ನಿಮ್ಮನ್ನೆಲ್ಲ ನೋಡ್ಕೋತೀನಿ" ಎಂದ. "ಇನ್ನೂ ಎಷ್ಟು ಹೊತ್ತು ಕೂತಿರ್ತಾಳೆ ಅವಳು? ಏಯ್! ಬಾಗಿಲು ತೆಗಿ!"

ಅವನು ಬಾಗಿಲು ಬಡಿಯಲು ಕೈ ಎತ್ತಿದ. ಗುಡುಗಕ್ಕ ಆ ಕೈ ಹಿಡಿದುಕೊಂಡಳು. ಇನ್ನೊಂದು ಕೈಯ ಬೆರಳನ್ನು ತನ್ನ ತುಟಿಯ ಮೇಲಿಟ್ಟುಕೊಂಡು, ಜೀವಮಾನದಲ್ಲೇ ಅತ್ಯಂತ ಮೆಲ್ಲಗೆ ಪಿಸುಗುಟ್ಟಿದಳು.

"ಶ್! ಒಳಗೆ ನನ್ನ ಸೊಸೆ ಇದ್ದಾಳೆ."

ಹಿತ್ತಲಿನಲ್ಲಿ ಬಾಗಿಲಿಗೆ ಕಲ್ಲು ಒತ್ತಿಕೊಂಡು ಕೂತಿದ್ದ ಯಜಮಾನರು, "ಇರ್ಲಿ ಇರ್ಲಿ, ನಿಧಾನಕ್ಕೆ ಬರ್ಲಿ" ಎಂದರು.